ಸುತ್ತು ಯಾವ ಕಡೆಯಿಂದ?

ಅಮೆರಿಕದ ಅರಿಝೋನಾ ರಾಜ್ಯದ ಟೂಸಾನ್ ನಗರ ಸಮುದ್ರಮಟ್ಟದಿಂದ ಸುಮಾರು 730 ಮೀಟರ್ ಎತ್ತರದಲ್ಲಿದೆ. ಸುತ್ತಲೂ ಸೊನೊರಾ ಮರುಭೂಮಿ, ಎಲ್ಲಿ ನೋಡಿದರೂ ತೋಳೆತ್ತಿ ನಿಂತ ಸಾಗ್ವಾರೊ ಕಳ್ಳಿ. ಊರಿನ ಈಶಾನ್ಯಕ್ಕೆ ಸಾಂತಾ ಕ್ಯಾಟಲೀನಾ ಬೆಟ್ಟಸಾಲು. ಅದರ ತುದಿ ಮೌಂಟ್ ಲೆಮನ್, 2,791 ಮೀಟರ್. ನಮ್ಮ ಮುಳ್ಳಯ್ಯನಗಿರಿಗಿಂತ 850 ಮೀಟರಿಗೂ ಮಿಗಿಲು. ತುದಿಯ ಹತ್ತಿರ ಸಮರ್‌ಹೇವನ್ ಎಂಬ ಪುಟ್ಟ ಊರು, ಪೈನ್ ಮತ್ತು ಫರ್ ಮರಗಳ ಕಾಡು, ಚಳಿಗಾಲದಲ್ಲಿ ಹಿಮ. ಬೆಟ್ಟದ ದಕ್ಷಿಣ ಮೈಗೆ ಟಾರು ರಸ್ತೆಯಿದೆ. ಉತ್ತರದ ಮೈಯಲ್ಲಿ ಆರಕಲ್ ಊರಿಗೆ ಇಳಿಯುವುದು ಬರೀ ಜಲ್ಲಿ, ಮಣ್ಣಿನ ಹಾದಿ. ಆರಕಲ್‌ನಿಂದ ಹೆದ್ದಾರಿ ಹಿಡಿದು ಟೂಸಾನ್‌ಗೆ ಮರಳಿದರೆ ಒಂದು ಸುತ್ತು, ಸುಮಾರು 160 ಕಿ.ಮೀ.

ಟಾರು ಹತ್ತಿ ಜಲ್ಲಿ ಇಳಿಯುವುದೋ, ಜಲ್ಲಿ ಹತ್ತಿ ಟಾರು ಇಳಿಯುವುದೋ? ಗ್ರಾವೆಲ್ ಸೈಕಲ್ ಹಿಡಿದು ಈ ಸುತ್ತಿಗೆ ಹೊರಡುವವರು ಮೊದಲು ತೀರ್ಮಾನಿಸಬೇಕಾದದ್ದು ಇದನ್ನೇ. ಅದಕ್ಕೆ ಆ ಯಂತ್ರವನ್ನು ಸ್ವಲ್ಪ ಅರಿಯಬೇಕು.

ದೂರದಿಂದ ನೋಡಿದರೆ ಅದು ರೇಸ್ ಸೈಕಲ್ಲಿನಂತೆಯೇ ಇರುತ್ತದೆ, ಬಾಗಿದ ಹ್ಯಾಂಡಲ್ ಸಮೇತ. ವ್ಯತ್ಯಾಸ ಇರುವುದು ಟಯರಿನಲ್ಲಿ. ರೇಸ್ ಸೈಕಲ್ಲಿನ ಟಯರು 25–30 ಮಿ.ಮೀ. ಅಗಲವಿದ್ದರೆ ಇದರದ್ದು 40–50 ಮಿ.ಮೀ. ಅಗಲ ಹೆಚ್ಚಿದಂತೆ ಗಾಳಿಯ ಒತ್ತಡ ಇಳಿಸಬಹುದು. ಹಿಂಚಕ್ರದ ಮೇಲೆ 50 ಕೆ.ಜಿ. ಭಾರವಿದೆ ಎನ್ನಿ. 70 ಪಿಎಸ್‌ಐ ಗಾಳಿಯಿದ್ದರೆ ಟಯರು ನೆಲವನ್ನು ಮುಟ್ಟುವುದು ಸುಮಾರು 10 ಚದರ ಸೆಂ.ಮೀ. ಜಾಗದಲ್ಲಿ, 35ಕ್ಕೆ ಇಳಿಸಿದರೆ 20. ಹಿಡಿತ ಹೆಚ್ಚಾಗುವುದು ಒಂದು ಲಾಭ, ದೊಡ್ಡ ಲಾಭ ಬೇರೆಯೇ ಇದೆ. ಗಟ್ಟಿ ಟಯರು ಪ್ರತಿ ಕಲ್ಲಿನ ಮೇಲೂ ಸೈಕಲನ್ನೂ ಸವಾರನನ್ನೂ ಎತ್ತಿ ಕುಕ್ಕುತ್ತದೆ. ಮುಂದಕ್ಕೆ ಹೋಗಬೇಕಿದ್ದ ಶಕ್ತಿ ಮೈ ಕುಲುಕಾಟದಲ್ಲಿ ಸೋರಿಹೋಗುತ್ತದೆ. ಮೆತ್ತನೆಯ ಟಯರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಉರುಳುತ್ತದೆ. ಹಾಗಂತ ತೀರಾ ಇಳಿಸಿದರೆ ಚೂಪುಗಲ್ಲು ನೇರ ರಿಮ್ಮಿಗೇ ಬಡಿಯುತ್ತದೆ.

ಒಳಗೆ ಟ್ಯೂಬಿಲ್ಲ, ಹಾಲಿನಂಥ ದ್ರವವೊಂದಿರುತ್ತದೆ. ಮುಳ್ಳು ಚುಚ್ಚಿದರೆ ಆ ತೂತಿಗೆ ನುಗ್ಗಿ ಅಲ್ಲೇ ಗಟ್ಟಿಯಾಗುತ್ತದೆ. ಅರಿಝೋನಾದ ಸವಾರರು ಬೈದುಕೊಳ್ಳುವ ಮುಳ್ಳು ನಮಗೆ ಹೊಸದೇನಲ್ಲ: ಬಯಲುಸೀಮೆಯ ಹೊಲದ ಬದುಗಳಲ್ಲಿ ಹಬ್ಬುವ ನೆಗ್ಗಿಲು. ಹಳೇ ಜಗತ್ತಿನಿಂದ ಅಮೆರಿಕಕ್ಕೆ ವಲಸೆ ಹೋದ ಗಿಡ ಅದು. ಒಣಗಿದ ಕಾಯಿ ಐದು ಹೋಳಾಗುತ್ತದೆ, ಒಂದೊಂದು ಹೋಳಿಗೂ ಎರಡು ದೊಡ್ಡ ಕೊಂಬು. ಹೇಗೆ ಬಿದ್ದರೂ ಒಂದಲ್ಲ ಒಂದು ಮೇಲ್ಮುಖವಾಗಿಯೇ ಇರುತ್ತದೆ. ಅಲ್ಲಿನದೇ ಆದ ಚೋಯಾ ಕಳ್ಳಿಯ ಮುಳ್ಳು ಇನ್ನೂ ಕೇಡು. ಅದರ ಮೈತುಂಬ ಹಿಮ್ಮುಖ ಕೊಕ್ಕೆ. ಕೈಯಿಂದ ಕಿತ್ತರೆ ಅದು ಕೈಗೇ ಅಂಟುತ್ತದೆ. ಬಲ್ಲವರು ಜೇಬಿನಲ್ಲಿ ಒಂದು ಬಾಚಣಿಗೆ ಇಟ್ಟುಕೊಳ್ಳುವುದು ತಲೆ ಬಾಚಲು ಅಲ್ಲ.

ಇನ್ನು ಗೇರು. ನೂರು ಮೀಟರಿಗೆ ಎಂಟು ಮೀಟರ್ ಏರುವ ಜಲ್ಲಿ ಚಡಾವು, ಸವಾರ-ಸೈಕಲ್-ನೀರು ಸೇರಿ 85 ಕೆ.ಜಿ. ಎಂದಿಟ್ಟುಕೊಳ್ಳಿ. ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನ ರೇಸ್ ಗೇರಿನಲ್ಲಿ ನಿಮಿಷಕ್ಕೆ 60 ಸುತ್ತು ತುಳಿಯಲು ಸುಮಾರು 210 ವ್ಯಾಟ್ ಬೇಕು. ಗಂಟೆಗಟ್ಟಲೆ ಅಷ್ಟು ಕೊಡುವವರು ಅಪರೂಪ. ಮುಂದೆ 30, ಹಿಂದೆ 45 ಹಲ್ಲಿದ್ದರೆ ಅದೇ ಲಯಕ್ಕೆ 115 ವ್ಯಾಟ್ ಸಾಕು, ವೇಗ ಮಾತ್ರ ಗಂಟೆಗೆ ಐದು ಕಿ.ಮೀ. ಚಿಲ್ಲರೆ. ಗೇರು ಶಕ್ತಿಯನ್ನು ಹುಟ್ಟಿಸುವುದಿಲ್ಲ. ಹೊತ್ತನ್ನು ಕೇಳಿ ಪಡೆದು ಕಾಲಿನ ಭಾರ ಇಳಿಸುತ್ತದೆ.

ಆ ಹೊತ್ತಿಗೆ ಬೆಲೆ ತೆರಬೇಕಾದದ್ದು ನೀರಿನಲ್ಲಿ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಪೆಡಲಿಗೆ ತಲುಪುವುದು ಹೆಚ್ಚೆಂದರೆ ನಾಲ್ಕನೇ ಒಂದು ಪಾಲು. ಪೆಡಲಿಗೆ 115 ವ್ಯಾಟ್ ಕೊಡುವ ಮೈ 400 ವ್ಯಾಟಿನಷ್ಟು ಶಾಖವನ್ನು ಹೊರಹಾಕಬೇಕು. ಬೆವರಿನಿಂದಲೇ ಅದನ್ನು ಕಳೆಯುವುದಾದರೆ ಗಂಟೆಗೆ ಅರ್ಧ ಲೀಟರಿಗೂ ಮಿಕ್ಕಿ ನೀರು ಆವಿಯಾಗಬೇಕು. ಮೇಲಿನ ಬಿಸಿಲನ್ನೂ ಸೇರಿಸಿದರೆ ಒಂದು ಲೀಟರ್ ಎಂದು ಲೆಕ್ಕ ಹಾಕುವುದು ಕ್ಷೇಮ. ಮಂಗಳೂರಿನಲ್ಲಾದರೆ ಬೆವರು ತೊಟ್ಟಿಕ್ಕಿ ಎಚ್ಚರಿಸುತ್ತದೆ. ಮರುಭೂಮಿಯ ಒಣಹವೆಯಲ್ಲಿ ಅದು ಹುಟ್ಟಿದೊಡನೆ ಹಾರಿಹೋಗುತ್ತದೆ. ಅಂಗಿ ಒಣಗಿಯೇ ಇರುತ್ತದೆ, ಬೆನ್ನಿನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಜಲ್ಲಿ ಹಾದಿ 1920ರಲ್ಲಿ ಆದದ್ದು, ಹೆಸರು ಕಂಟ್ರೋಲ್ ರೋಡ್. ಒಂದೇ ಗಾಡಿಯ ಅಗಲವಿದ್ದುದರಿಂದ ಹತ್ತಲು ಒಂದು ಹೊತ್ತು, ಇಳಿಯಲು ಇನ್ನೊಂದು ಹೊತ್ತು ಎಂದು ಕಟ್ಟುಪಾಡಿತ್ತು. ಆ 45 ಕಿ.ಮೀ. ಉದ್ದಕ್ಕೂ ಅಂಗಡಿಯೆಂಬುದಿಲ್ಲ. ಹತ್ತಲು ಐದಾರು ಗಂಟೆ, ಅಂದರೆ ಐದಾರು ಲೀಟರ್ ನೀರು, ಅಷ್ಟೇ ಕೆ.ಜಿ. ಭಾರ. ಅದೇ ಹಾದಿ ಇಳಿಯಲು ಎರಡರಿಂದ ಎರಡೂವರೆ ಗಂಟೆ. ಎರಡು ಲೀಟರ್ ಸಾಕು.

ಇಳಿಯುವುದೂ ಪುಕ್ಕಟೆಯಲ್ಲ. ಸಾವಿರ ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಎರಡೂವರೆ ಲೀಟರ್ ನೀರನ್ನು ಕುದಿಸಬಲ್ಲದು, ಜಲ್ಲಿಯಲ್ಲಿ ನಿಧಾನ ಇಳಿದರೆ ಅದರ ಬಹುಪಾಲು ಬ್ರೇಕಿನ ತಟ್ಟೆಗೆ. ಬ್ರೇಕನ್ನು ಒತ್ತಿಯೇ ಹಿಡಿಯದೆ, ಒತ್ತಿ ಬಿಟ್ಟು ಒತ್ತಿ ಇಳಿಯಬೇಕು. ಮೇಲಾಗಿ ವಾಹನ ಓಡಿ ಓಡಿ ಹಾದಿಗೆ ಏಣಿಯ ಮೆಟ್ಟಿಲಿನಂಥ ಅಡ್ಡಗೆರೆಗಳು ಮೂಡಿರುತ್ತವೆ. ಒಂದು ಮಿತಿಗಿಂತ ವೇಗವಾಗಿ ಚಕ್ರ ಉರುಳಿದರೆ ಒಣ ಮರಳಿನಲ್ಲಿ ಈ ಅಲೆಗಳು ತಾವಾಗಿಯೇ ಏಳುತ್ತವೆ ಎಂದು 2007ರಲ್ಲಿ ಭೌತವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದರು. ಅಂಗೈ ಜುಮ್ಮೆನ್ನಿಸುವುದು ಇವೇ.

ಆದರೂ ನನ್ನ ಮತ ಟಾರು ಹತ್ತಿ ಜಲ್ಲಿ ಇಳಿಯುವುದಕ್ಕೆ. ಟೂಸಾನ್‌ನಿಂದ ಕತ್ತಲಲ್ಲೇ ಹೊರಟರೆ ಬಿಸಿಲೇರುವ ಮುಂಚೆ ಕಳ್ಳಿಗಳ ಸೀಮೆ ಹಿಂದಾಗಿ ಓಕ್ ಮರಗಳು ಶುರುವಾಗಿರುತ್ತವೆ. ಸಾವಿರ ಮೀಟರ್ ಏರಿದರೆ ಆರರಿಂದ ಹತ್ತು ಡಿಗ್ರಿ ತಂಪು. ಈ ರಸ್ತೆಯನ್ನು 1933ರಿಂದ ಕಡಿದವರು ಕೈದಿಗಳು. ಎರಡನೇ ಮಹಾಯುದ್ಧದಲ್ಲಿ ಜಪಾನಿ ಮೂಲದವರ ಮೇಲೆ ಹೇರಿದ ಕರ್ಫ್ಯೂವನ್ನು ಧಿಕ್ಕರಿಸಿದ ಗಾರ್ಡನ್ ಹಿರಬಯಾಷಿಯೂ ಅಲ್ಲಿದ್ದರು. ಕಳಿಸಿಕೊಡಲು ಸರ್ಕಾರ ಖರ್ಚು ಕೊಡದಿದ್ದಾಗ, ಕಂಡಕಂಡ ಗಾಡಿಗಳಿಗೆ ಕೈ ಅಡ್ಡ ಹಿಡಿದು ಬಂದು ತಾವೇ ಜೈಲು ಸೇರಿದ ಪುಣ್ಯಾತ್ಮ! ಆ ಜೈಲಿದ್ದ ಜಾಗಕ್ಕೆ ಈಗ ಅವರದೇ ಹೆಸರು. ಸಮರ್‌ಹೇವನ್‌ನಲ್ಲಿ ನೀರು ತುಂಬಿಕೊಂಡರೆ ಮುಂದಿನ ನಿರ್ಜನ ಭಾಗದಲ್ಲಿ ಇಳಿಜಾರು ನಿಮ್ಮ ಪರ. ಚೈನು ತುಂಡಾದರೂ ಹೆಚ್ಚುಪಾಲು ಉರುಳುತ್ತ ಆರಕಲ್ ಸೇರಬಹುದು.

ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಮಾನ್ಸೂನ್. ಮಧ್ಯಾಹ್ನದ ಗುಡುಗುಮಳೆಗೆ ಒಣಹಳ್ಳಗಳು ದಿಢೀರನೆ ಉಕ್ಕುತ್ತವೆ. ಏಪ್ರಿಲ್ ಅಥವಾ ಅಕ್ಟೋಬರ್–ನವೆಂಬರ್ ನೋಡಿಕೊಳ್ಳಿ. ಈ ಕಾಡಿಗೆ ಬೆಂಕಿಯ ಕಾಟವೂ ಉಂಟು. 2003ರ ಕಾಳ್ಗಿಚ್ಚು ಸಮರ್‌ಹೇವನ್ನಿನ ಬಹುಪಾಲು ಮನೆಗಳನ್ನು ನುಂಗಿತು, 2020ರಲ್ಲಿ ಬೆಟ್ಟ ಮತ್ತೆ ಉರಿಯಿತು. ಹಿಮಕ್ಕೋ ಬೆಂಕಿಗೋ ಜಲ್ಲಿ ಹಾದಿ ಮುಚ್ಚಿರಬಹುದು. ಟಿಕೆಟ್ ತೆಗೆಸುವ ಮುಂಚೆ, ಹೊರಡುವ ಹಿಂದಿನ ದಿನ ಇನ್ನೊಮ್ಮೆ, ಕೊರೊನಾಡೊ ರಾಷ್ಟ್ರೀಯ ಅರಣ್ಯದ ಪ್ರಕಟಣೆ ನೋಡಿಕೊಂಡೇ ಸೈಕಲ್ ಹತ್ತಿ.