ಸರ್ಕಾರದ ಮಾತು, ಪ್ರಜೆಯ ನಿರೀಕ್ಷೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ವ್ಯಕ್ತಿಗಳಿಗೆ ಮಾತ್ರವಲ್ಲ, ಸರ್ಕಾರಕ್ಕೂ ಅನ್ವಯಿಸಬೇಕಲ್ಲವೇ? ಸುತ್ತೋಲೆಯ ಮೂಲಕವೋ, ವರ್ಷಾನುಗಟ್ಟಲೆ ನಡೆದುಬಂದ ಪದ್ಧತಿಯ ಮೂಲಕವೋ ಪ್ರಜೆಯಲ್ಲಿ ಭರವಸೆ ಹುಟ್ಟಿಸಿದ ಆಡಳಿತವು ಒಂದು ದಿನ ಮುನ್ಸೂಚನೆಯೇ ಇಲ್ಲದೆ ಅದನ್ನು ಮುರಿಯಬಹುದೇ? ಈ ಪ್ರಶ್ನೆಗೆ ಉತ್ತರವಾಗಿ ಆಡಳಿತ ಕಾನೂನಿನಲ್ಲಿ ಬೆಳೆದ ತತ್ತ್ವವೇ ‘ನ್ಯಾಯಸಮ್ಮತ ನಿರೀಕ್ಷೆ’.

ಇಂಗ್ಲೆಂಡಿನ ನ್ಯಾಯಾಲಯಗಳಲ್ಲಿ ರೂಪುಗೊಂಡ ಈ ತತ್ತ್ವವನ್ನು ನಮ್ಮ ಸುಪ್ರೀಂ ಕೋರ್ಟ್ ತೊಂಬತ್ತರ ದಶಕದಲ್ಲಿ ಸಂವಿಧಾನದ 14ನೇ ವಿಧಿಯೊಂದಿಗೆ ಬೆಸೆಯಿತು. ದೆಹಲಿಯ ಗೃಹ ನಿರ್ಮಾಣ ಸಹಕಾರ ಸಂಘಗಳಿಗೆ ನೋಂದಣಿಯ ಜ್ಯೇಷ್ಠತೆಯಂತೆ ಭೂಮಿ ಹಂಚುವ ಪದ್ಧತಿಯನ್ನು ಏಕಾಏಕಿ ಬದಲಿಸಿದಾಗ, ಬಾಧಿತ ಸಂಘಗಳ ಅಹವಾಲು ಕೇಳಬೇಕಿತ್ತೆಂದು 1992ರಲ್ಲಿ ಅದು ಹೇಳಿತು. ಆದರೆ ನಿರೀಕ್ಷೆ ಹಕ್ಕಲ್ಲ. ಪ್ರಬಲ ಸಾರ್ವಜನಿಕ ಹಿತದ ಮುಂದೆ ಅದು ಮಣಿಯಬೇಕಾಗುತ್ತದೆ. ಕಾನೂನಿಗೆ ವಿರುದ್ಧವಾಗಿಯಂತೂ ನಿಲ್ಲಲಾರದು.

ಈ ಮಿತಿಯ ತೀಕ್ಷ್ಣ ಉದಾಹರಣೆ ನಮ್ಮ ರಾಜ್ಯದ್ದೇ. ವಾಣಿಜ್ಯ ತೆರಿಗೆ ಇಲಾಖೆಯಲ್ಲಿ ಹತ್ತು ವರ್ಷಕ್ಕೂ ಮೀರಿ ದುಡಿದ ದಿನಗೂಲಿ ನೌಕರರು ತಮ್ಮ ಸೇವೆಯನ್ನು ಕಾಯಂಗೊಳಿಸುವಂತೆ ಕೋರಿದ್ದರು. 2006ರ ಏಪ್ರಿಲ್ 10ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಉಮಾದೇವಿ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ, ನೇಮಕಾತಿ ನಿಯಮಗಳನ್ನು ಪಾಲಿಸದೆ ಒಳಬಂದವರು ಕಾಯಮಾತಿಗೆ ನ್ಯಾಯಸಮ್ಮತ ನಿರೀಕ್ಷೆಯ ಆಧಾರ ಹೇಳಲಾಗದೆಂದು ತೀರ್ಪಿತ್ತಿತು. ಇದರ ತರ್ಕವನ್ನು ನಾನು ಅಲ್ಲಗಳೆಯಲಾರೆ. ಜಾಹೀರಾತೇ ಇಲ್ಲದೆ ತುಂಬಿದ ಹುದ್ದೆಗೆ ಅರ್ಜಿ ಹಾಕುವ ಅವಕಾಶವನ್ನೇ ಕಾಣದ ಯುವಕ ಯುವತಿಯರಿಗೂ 16ನೇ ವಿಧಿಯ ಸಮಾನಾವಕಾಶವುಂಟು.

ಆದರೆ ಅದೇ ತೀರ್ಪಿಗೆ ಇನ್ನೊಂದು ಮುಖವಿದೆ. ಮಂಜೂರಾದ ಹುದ್ದೆಗಳಲ್ಲಿ, ಅರ್ಹತೆಯುಳ್ಳವರಾಗಿ, ನ್ಯಾಯಾಲಯದ ಆದೇಶದ ಆಸರೆಯಿಲ್ಲದೆ ಹತ್ತು ವರ್ಷ ದುಡಿದವರನ್ನು ಒಂದು ಬಾರಿಯ ಕ್ರಮವಾಗಿ ಕಾಯಂಗೊಳಿಸಿ, ಆರು ತಿಂಗಳೊಳಗೆ ಆ ಪ್ರಕ್ರಿಯೆ ಆರಂಭಿಸಿ ಎಂದೂ ಪೀಠ ಸೂಚಿಸಿತ್ತು. ಅರ್ಹರೆಲ್ಲರನ್ನೂ ಪರಿಗಣಿಸುವವರೆಗೆ ಆ ಕ್ರಮ ಮುಗಿದಂತಲ್ಲ ಎಂದು 2010ರಲ್ಲಿ, ಮತ್ತೆ ಕರ್ನಾಟಕದ್ದೇ ಮೇಲ್ಮನವಿಯಲ್ಲಿ, ಸ್ಪಷ್ಟಪಡಿಸಬೇಕಾಯಿತು. ಕೇಂದ್ರ ಜಲ ಆಯೋಗದಲ್ಲಿ ದೀರ್ಘಕಾಲ ದುಡಿದು ಕೆಲಸ ಕಳೆದುಕೊಂಡವರ ಪ್ರಕರಣದಲ್ಲಿ 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್, ಉಮಾದೇವಿ ತೀರ್ಪನ್ನು ನೌಕರರ ನ್ಯಾಯಯುತ ಬೇಡಿಕೆಯ ವಿರುದ್ಧ ಅಸ್ತ್ರವಾಗಿ ಬಳಸುವ ಪ್ರವೃತ್ತಿಯನ್ನು ಟೀಕಿಸಿತು. ತೀರ್ಪಿನ ಮೊದಲರ್ಧವನ್ನು ಉರುಹೊಡೆದ ಇಲಾಖೆಗಳು ಉತ್ತರಾರ್ಧವನ್ನು ಓದಲೇ ಇಲ್ಲ.

ಇಲ್ಲಿ ನಾವು ಕೇಳಬೇಕಾದ ಪ್ರಶ್ನೆ: ಆ ನಿರೀಕ್ಷೆಯನ್ನು ಹುಟ್ಟಿಸಿದವರು ಯಾರು? ಹುದ್ದೆ ಖಾಲಿಯಿಟ್ಟು, ಅದೇ ಕೆಲಸವನ್ನು ಕಡಿಮೆ ಕೂಲಿಗೆ ಮಾಡಿಸಿಕೊಂಡು, ಅದನ್ನೇ ವರ್ಷದಿಂದ ವರ್ಷಕ್ಕೆ ಮುಂದುವರಿಸಿದ್ದು ಆಡಳಿತವೇ. ನಿಯಮ ಮುರಿದ ಅಧಿಕಾರಿ ನಿವೃತ್ತಿ ವೇತನ ಪಡೆಯುತ್ತಾನೆ. ದುಡಿದವನು ಐವತ್ತರ ವಯಸ್ಸಿನಲ್ಲಿ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ಲಾಭವೆಲ್ಲ ಸರ್ಕಾರದ್ದು, ಅನಿಶ್ಚಿತತೆಯ ವೆಚ್ಚವೆಲ್ಲ ದುರ್ಬಲನದು.

ನ್ಯಾಯಾಂಗದ ಪರಾಮರ್ಶೆಯೊಂದರಿಂದಲೇ ಇದು ಸರಿಹೋಗದು. ಕೇರಳದ ಜಿಲ್ಲಾ ನ್ಯಾಯಾಧೀಶರ ಆಯ್ಕೆಯಲ್ಲಿ, ಸಂದರ್ಶನ ಮುಗಿದ ಮೇಲೆ ಅದಕ್ಕೆ ಕನಿಷ್ಠ ಅಂಕ ನಿಗದಿಪಡಿಸಿದ್ದು ಅಭ್ಯರ್ಥಿಗಳ ನ್ಯಾಯಸಮ್ಮತ ನಿರೀಕ್ಷೆಗೆ ಭಂಗ ತಂದಿತೆಂದು 2023ರಲ್ಲಿ ಸಂವಿಧಾನ ಪೀಠ ಸಾರಿತು. ಆದರೆ ಆ ವೇಳೆಗೆ ಆರು ವರ್ಷ ಕಳೆದಿದ್ದವು. ಆಯ್ಕೆಯಾದವರನ್ನು ತೆಗೆಯಲಾಗಲಿಲ್ಲ, ಅರ್ಜಿದಾರರಿಗೆ ಹುದ್ದೆಯೂ ದೊರೆಯಲಿಲ್ಲ. ತತ್ತ್ವ ಗೆದ್ದಿತು, ವ್ಯಕ್ತಿ ಸೋತ.

ಆದ್ದರಿಂದ ಈ ತತ್ತ್ವದ ಮೊದಲ ನೆಲೆ ನ್ಯಾಯಾಲಯವಲ್ಲ, ಅಧಿಕಾರಿಯ ಮೇಜಿನ ಮೇಲಿನ ಕಡತ. ನೀತಿ ಬದಲಿಸುವ ಪ್ರತಿಯೊಂದು ಟಿಪ್ಪಣಿಯೂ ಮೂರು ಪ್ರಶ್ನೆಗಳಿಗೆ ಉತ್ತರಿಸಲಿ: ಹಳೆಯ ಪದ್ಧತಿಯನ್ನು ನಂಬಿದವರು ಯಾರು? ಅವರ ಅಹವಾಲು ಕೇಳಿದ್ದೇವೆಯೇ? ಅವರಿಗಾಗಿ ಪರಿವರ್ತನಾ ಅವಧಿಯ ವ್ಯವಸ್ಥೆ ಏನು? ಇದಕ್ಕೆ ಹೊಸ ಶಾಸನ ಬೇಕಿಲ್ಲ, ಮುಖ್ಯ ಕಾರ್ಯದರ್ಶಿಯವರ ಒಂದು ಸುತ್ತೋಲೆ ಸಾಕು. ಆ ಸುತ್ತೋಲೆಯನ್ನು ಸರ್ಕಾರ ಪಾಲಿಸುವುದೆಂದು ನಿರೀಕ್ಷಿಸುವುದೂ ನ್ಯಾಯಸಮ್ಮತವೇ.