ರೈಲು ನಿಂತರೂ ಉಳಿದ ನಿಲ್ದಾಣ
ನಾರ್ತ್ ಕಾನ್ವೇ ವರ್ತಕರ ಒಂದು ದಿಟ್ಟ ಹೂಡಿಕೆ

ರೈಲಿನಲ್ಲಿ ಬಂದ ಸರಕನ್ನು ಬಿಡಿಸಿಕೊಳ್ಳಲು ಆರ್.ಆರ್. ಹಿಡಿದು ಗೂಡ್ಸ್ ಶೆಡ್ಡಿನ ಮುಂದೆ ಕಾದ ನೆನಪು ನಮ್ಮ ಹಿರಿಯ ವರ್ತಕರಲ್ಲಿ ಅನೇಕರಿಗೆ ಇರಬಹುದು. ಸಣ್ಣ ಊರುಗಳ ಪಾಲಿಗೆ ರೈಲು ನಿಲ್ದಾಣವು ಕೇವಲ ಪ್ರಯಾಣಿಕರ ತಂಗುದಾಣವಾಗಿರಲಿಲ್ಲ. ಊರಿನ ಉತ್ಪನ್ನ ಹೊರಹೋಗುವುದಕ್ಕೂ ಹೊರಗಿನ ಸರಕು ಒಳಬರುವುದಕ್ಕೂ ಅದೇ ಹೆಬ್ಬಾಗಿಲು. ಲಾರಿ ಸಾರಿಗೆ ಬೆಳೆದಂತೆ ಇಂತಹ ಹಲವು ಬಾಗಿಲುಗಳು ಮುಚ್ಚಿದವು. ಉಳಿದ ಕಟ್ಟಡಗಳನ್ನು ಏನು ಮಾಡಬೇಕು, ಅವುಗಳ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗೆ ಅಮೆರಿಕದ ಒಂದು ಸಣ್ಣ ಊರಿನ ವ್ಯಾಪಾರಿಗಳು ಕಂಡುಕೊಂಡ ಉತ್ತರ ನಮ್ಮ ಸದಸ್ಯರಿಗೆ ಪರಿಚಯಿಸಲು ಯೋಗ್ಯವಾಗಿದೆ.

ಬೆಟ್ಟದ ಊರಿಗೆ ಬಂದ ರೈಲು

ಅಮೆರಿಕದ ಈಶಾನ್ಯ ಭಾಗದ ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ, ವೈಟ್ ಮೌಂಟನ್ಸ್ ಎಂಬ ಪರ್ವತಶ್ರೇಣಿಯ ತಪ್ಪಲಿನಲ್ಲಿ ನಾರ್ತ್ ಕಾನ್ವೇ ಎಂಬ ಊರಿದೆ. 1870ರ ದಶಕದ ಆರಂಭದಲ್ಲಿ ಅಲ್ಲಿಗೆ ರೈಲು ಮಾರ್ಗ ತಲುಪಿತು. 1874ರಲ್ಲಿ ಬಾಸ್ಟನ್ ನಗರದ ವಾಸ್ತುಶಿಲ್ಪಿ ನಥೇನಿಯಲ್ ಬ್ರಾಡ್ಲೀ ರೂಪಿಸಿದ ನಿಲ್ದಾಣ ಎದ್ದು ನಿಂತಿತು. ಅಮೆರಿಕನ್ನರು ಇಂತಹ ನಿಲ್ದಾಣವನ್ನು ‘ಡಿಪೋ’ ಎಂದೇ ಕರೆಯುತ್ತಾರೆ.

ಎರಡು ಗೋಪುರಗಳುಳ್ಳ ಈ ಕಟ್ಟಡ ಅಷ್ಟು ಸಣ್ಣ ಊರಿಗೆ ಮಿಗಿಲಾದುದೇ ಸರಿ. ಆದರೆ ಅದು ಲೆಕ್ಕಾಚಾರವಿಲ್ಲದ ಆಡಂಬರವಾಗಿರಲಿಲ್ಲ. ನಗರದ ಶ್ರೀಮಂತರು ಬೇಸಿಗೆಯನ್ನು ಕಳೆಯಲು ಬೆಟ್ಟದ ಊರಿಗೆ ಬರುತ್ತಿದ್ದರು. ಅವರು ಮೊದಲು ಕಾಲಿಡುವ ಜಾಗವೇ ಊರಿನ ಬಗ್ಗೆ ಒಳ್ಳೆಯ ಅಭಿಪ್ರಾಯವನ್ನು ಮೂಡಿಸಬೇಕಾಗಿತ್ತು. 1930ರ ದಶಕದಲ್ಲಿ ಬಾಸ್ಟನ್ನಿನಿಂದ ‘ಸ್ನೋ ಟ್ರೇನ್’ಗಳು ಓಡತೊಡಗಿದವು. ಹಿಮದ ಮೇಲೆ ಸ್ಕೀಯಿಂಗ್ ಮಾಡಬಯಸುವವರನ್ನು ಅವು ಬೆಟ್ಟದ ಊರುಗಳಿಗೆ ಕರೆತಂದವು. ಇದರಿಂದ ಚಳಿಗಾಲವೂ ವ್ಯಾಪಾರದ ಕಾಲವಾಯಿತು.

ಬಾಗಿಲು ಮುಚ್ಚಿದ ವರ್ಷಗಳು

ಎರಡನೆಯ ಮಹಾಯುದ್ಧದ ಅನಂತರ ಹೆದ್ದಾರಿಗಳು ಬೆಳೆದವು, ಮನೆಮನೆಗೂ ಕಾರು ಬಂದಿತು. ಮಾರ್ಗವನ್ನು ನಡೆಸುತ್ತಿದ್ದ ಬಾಸ್ಟನ್ ಅಂಡ್ ಮೇನ್ ರೈಲ್ವೆ ಕಂಪನಿಯು 1961ರಲ್ಲಿ ನಾರ್ತ್ ಕಾನ್ವೇಯ ಪ್ರಯಾಣಿಕರ ರೈಲನ್ನು ನಿಲ್ಲಿಸಿತು. 1970ರಲ್ಲಿ ಕಂಪನಿಯೇ ದಿವಾಳಿಯಾಯಿತು. 1972ರಲ್ಲಿ ಸರಕು ರೈಲೂ ನಿಂತಿತು.

ಆ ಕಾಲದ ಅಮೆರಿಕದಲ್ಲಿ ನಿಲ್ದಾಣಗಳಿಗೆ ಯಾವ ಗತಿ ಕಾದಿತ್ತೆಂಬುದಕ್ಕೆ ನ್ಯೂಯಾರ್ಕಿನ ಭವ್ಯವಾದ ಪೆನ್ಸಿಲ್ವೇನಿಯಾ ನಿಲ್ದಾಣವೇ ಸಾಕ್ಷಿ. 1963ರಲ್ಲಿ ಅದನ್ನು ಕೆಡವಲು ಆರಂಭಿಸಲಾಯಿತು. ಮಹಾನಗರದ ಹೆಮ್ಮೆಯೇ ಉಳಿಯದಿದ್ದಾಗ ಬೆಟ್ಟದ ಊರಿನ ಮರದ ಕಟ್ಟಡವನ್ನು ಕೇಳುವವರು ಯಾರು?

ಕೇಳಿದವರು ಊರಿನ ವ್ಯಾಪಾರಿಗಳು. ಸ್ಕೀಯಿಂಗ್ ಉಡುಪು ಮತ್ತು ಸಲಕರಣೆಗಳ ಅಂಗಡಿ ನಡೆಸುತ್ತಿದ್ದ ಕ್ಯಾರಲ್ ರೀಡ್ ಹಾಗೂ ಸ್ಥಳೀಯ ಉದ್ಯಮಿ ಬಿಲ್ ಲೆವಿ 1960ರ ದಶಕದಲ್ಲಿ ನಿಲ್ದಾಣವನ್ನು ಕೊಂಡುಕೊಂಡರು. ರೈಲೇ ಬಾರದ ನಿಲ್ದಾಣಕ್ಕೆ ಹಣ ಹಾಕುವುದು ಯಾವ ಲೆಕ್ಕದಲ್ಲಿ ನೋಡಿದರೂ ಸಾಹಸವೇ ಆಗಿತ್ತು. ಅವರ ಜೊತೆಗೂಡಿದವರು ಅದೇ ರೈಲ್ವೆ ಕಂಪನಿಯ ನೌಕರ ಡ್ವೈಟ್ ಸ್ಮಿತ್. ಅವರ ಬಳಿ 1921ರಲ್ಲಿ ಕೆನಡಾದಲ್ಲಿ ತಯಾರಾದ ಒಂದು ಉಗಿ ಎಂಜಿನ್ ಇತ್ತು. ಹೀಗೆ ಕಟ್ಟಡವುಳ್ಳವರು ಮತ್ತು ಎಂಜಿನ್ ಉಳ್ಳವರು ಒಂದಾದರು. ದಿವಾಳಿಯಾದ ಕಂಪನಿಯಿಂದ ಹಳಿಗಳನ್ನು ಪಡೆಯುವ ಮಾತುಕತೆ ದೀರ್ಘಕಾಲ ಎಳೆಯಿತು. ಕೊನೆಗೆ 1974ರ ಆಗಸ್ಟ್ 4ರಂದು ‘ಕಾನ್ವೇ ಸೀನಿಕ್ ರೈಲ್‌ರೋಡ್’ನ ಮೊದಲ ರೈಲು ಹೊರಟಿತು. ಹನ್ನೆರಡು ವರ್ಷಗಳಿಗೂ ಮೀರಿದ ಅವಧಿಯ ಅನಂತರ, ಅಂದರೆ ನಿಲ್ದಾಣಕ್ಕೆ ನೂರು ತುಂಬಿದ ವರ್ಷದಲ್ಲೇ, ಅಲ್ಲಿ ಮತ್ತೆ ಪ್ರಯಾಣಿಕರ ಟಿಕೆಟ್ ಮಾರಾಟವಾಯಿತು.

ಲಾಭದ ಲೆಕ್ಕ ಎಲ್ಲಿದೆ?

ಮೊದಲಿಗೆ ಈ ರೈಲು ಓಡುತ್ತಿದ್ದುದು ಹೋಗಿಬರುವುದಕ್ಕೆ ಸುಮಾರು 18 ಕಿಲೋಮೀಟರ್ ಮಾತ್ರ. ಸಾರಿಗೆಯ ದೃಷ್ಟಿಯಿಂದ ಇದು ನಗಣ್ಯ. ಆದರೆ ಹೊರಟ ನಿಲ್ದಾಣಕ್ಕೇ ರೈಲು ಮರಳುತ್ತದೆ ಮತ್ತು ಆ ನಿಲ್ದಾಣವು ಊರಿನ ಮುಖ್ಯ ಬೀದಿಯಲ್ಲೇ ಇದೆ ಎಂಬುದನ್ನು ವರ್ತಕರು ಗಮನಿಸಬೇಕು. ರೈಲಿಗಾಗಿ ಬಂದವರು ಹೊರಡುವ ಮುನ್ನವೂ ಇಳಿದ ಮೇಲೂ ಅಂಗಡಿ, ಹೋಟೆಲುಗಳ ಮುಂದೆಯೇ ಓಡಾಡುತ್ತಾರೆ. ಒಂದು ಕಾಲದಲ್ಲಿ ಊರಿಗೆ ತಲುಪಲು ರೈಲು ಹತ್ತುತ್ತಿದ್ದರು. ಈಗ ರೈಲು ಹತ್ತಲೆಂದೇ ಊರಿಗೆ ಬರುತ್ತಾರೆ.

1979ರಲ್ಲಿ ನಿಲ್ದಾಣ ಮತ್ತು ಅದರ ಯಾರ್ಡ್ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು. ಕಟ್ಟಡದ ಜೊತೆಗೆ ಎಂಜಿನ್ ಶೆಡ್ ಹಾಗೂ ಎಂಜಿನ್ ತಿರುಗಿಸುವ ಟರ್ನ್‌ಟೇಬಲ್ ಕೂಡ ಉಳಿದಿವೆ. 1995ರಿಂದ ಕ್ರಾಫರ್ಡ್ ಕಣಿವೆಯ ಬೆಟ್ಟದ ಹಾದಿಯಲ್ಲೂ ಇದೇ ಸಂಸ್ಥೆಯ ರೈಲುಗಳು ಓಡತೊಡಗಿದವು. ಅನಂತರ ಸಂಸ್ಥೆಯ ಒಡೆತನ ಕೈಬದಲಾದರೂ ರೈಲು ನಿಲ್ಲಲಿಲ್ಲ. 2024ಕ್ಕೆ ಅದು ಐವತ್ತು ವರ್ಷ ಪೂರೈಸಿತು.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅಗತ್ಯ. ರಾಷ್ಟ್ರೀಯ ಪಟ್ಟಿಗೆ ಸೇರಿದ ಮಾತ್ರಕ್ಕೆ ಖಾಸಗಿ ಕಟ್ಟಡವನ್ನು ಕೆಡವಬಾರದೆಂಬ ನಿರ್ಬಂಧ ಅಮೆರಿಕದಲ್ಲಿಲ್ಲ. ಆದರೆ ಇಂತಹ ಕಟ್ಟಡವನ್ನು ನಿಯಮಾನುಸಾರ ಜೀರ್ಣೋದ್ಧಾರ ಮಾಡಿದವರಿಗೆ ವೆಚ್ಚದ ಶೇ. 20ರಷ್ಟು ಆದಾಯ ತೆರಿಗೆಯಲ್ಲಿ ರಿಯಾಯಿತಿ ದೊರೆಯುತ್ತದೆ. ಅದಕ್ಕೊಂದು ಷರತ್ತಿದೆ: ಕಟ್ಟಡವು ಆದಾಯ ತರುವ ಉದ್ದೇಶಕ್ಕೆ ಬಳಕೆಯಾಗಬೇಕು. ಬಳಕೆಯಲ್ಲಿರುವ ಕಟ್ಟಡವೇ ಉಳಿಯುತ್ತದೆಂಬ ವ್ಯವಹಾರಜ್ಞಾನ ಆ ಕಾನೂನಿನಲ್ಲೇ ಅಡಗಿದೆ.

ನಮ್ಮ ಮನೆಬಾಗಿಲಲ್ಲಿ

ಇದೇ ಪ್ರಶ್ನೆ ಇಂದು ಬೆಂಗಳೂರಿನ ಸಮೀಪದಲ್ಲೇ ಇದೆ. ಯಲಹಂಕ–ಚಿಕ್ಕಬಳ್ಳಾಪುರ ನ್ಯಾರೋಗೇಜ್ ಮಾರ್ಗ 1915ರಲ್ಲಿ ಆರಂಭವಾಯಿತು. ಅದರ ಮರುವರ್ಷವೇ, 1916ರಲ್ಲಿ, ಮೈಸೂರು ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾಯಿತು. ಎರಡೂ ನಡೆದದ್ದು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ. ಮಾರ್ಗವು ಈಗ ಬ್ರಾಡ್‌ಗೇಜ್ ಆಗಿದೆ. ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ ಮತ್ತು ನಂದಿ ಹಾಲ್ಟ್‌ಗಳ ಹಳೆಯ ನಿಲ್ದಾಣ ಕಟ್ಟಡಗಳ ಸಂರಕ್ಷಣೆಯನ್ನು ಇಂಟ್ಯಾಕ್ ಸಂಸ್ಥೆಯು ಈಚಿನ ವರ್ಷಗಳಲ್ಲಿ ಕೈಗೆತ್ತಿಕೊಂಡಿದೆ.

ನಾರ್ತ್ ಕಾನ್ವೇಯ ಮಾದರಿಯನ್ನು ಇಲ್ಲಿ ಹಾಗೆಯೇ ಇಳಿಸಲಾಗದು. ಅಲ್ಲಿ ವ್ಯಾಪಾರಿಗಳು ನಿಲ್ದಾಣವನ್ನೇ ಕೊಂಡರು. ನಮ್ಮಲ್ಲಿ ಭೂಮಿ ಮತ್ತು ಕಟ್ಟಡ ರೈಲ್ವೆ ಇಲಾಖೆಯ ಸ್ವತ್ತು. ಆದರೆ ಕಟ್ಟಡಕ್ಕೆ ಬಳಕೆಯನ್ನು ಒದಗಿಸುವ ಕೆಲಸಕ್ಕೆ ಒಡೆತನ ಬೇಕಿಲ್ಲ. ಸ್ಥಳೀಯ ಉತ್ಪನ್ನಗಳ ಮಾರಾಟಕ್ಕೆ ನಿಲ್ದಾಣಗಳಲ್ಲಿ ಮಳಿಗೆ ನೀಡುವ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆ 2022ರಿಂದ ಜಾರಿಯಲ್ಲಿದೆ. ದೇವನಹಳ್ಳಿಯ ಚಕ್ಕೋತ, ಚಿಕ್ಕಬಳ್ಳಾಪುರದ ದ್ರಾಕ್ಷಿ, ಶಿಡ್ಲಘಟ್ಟದ ರೇಷ್ಮೆ ಇವೆಲ್ಲವೂ ಈ ಮಾರ್ಗದ ಆಸುಪಾಸಿನವೇ. ನಂದಿ ಬೆಟ್ಟಕ್ಕೆ ಬರುವ ಪ್ರವಾಸಿಗರಿಗಂತೂ ಕೊರತೆಯಿಲ್ಲ.

ಸುಣ್ಣ ಬಳಿದು ಹೆಂಚು ಹೊದಿಸಿದ ಕಟ್ಟಡವೂ ಬಳಕೆಯಿಲ್ಲದಿದ್ದರೆ ಕೆಲವೇ ಮಳೆಗಾಲಗಳಲ್ಲಿ ಮತ್ತೆ ಸೋರುತ್ತದೆ. ದುರಸ್ತಿಯ ಭಾರವನ್ನು ಸಂರಕ್ಷಕರು ಹೊತ್ತಿದ್ದಾರೆ. ಆ ಬಾಗಿಲಿಗೆ ಗಿರಾಕಿಯನ್ನು ತರುವ ಹೊಣೆ ಆಯಾ ಊರಿನ ವರ್ತಕ ಸಂಘಗಳದು. ಈ ಮಾರ್ಗದ ಸದಸ್ಯರು ತಮ್ಮ ಮುಂದಿನ ಸಭೆಯಲ್ಲೇ ಈ ವಿಷಯವನ್ನು ಚರ್ಚೆಗೆ ತೆಗೆದುಕೊಳ್ಳುವುದು ಉಚಿತ.