ಗಾಜಿನ ಮನೆಯೊಳಗೆ ನೀರೋ, ನೆಲವೋ?

ದಿನವೆಲ್ಲ ಗಿರಾಕಿಗಳ ಕೂಗು, ಕಪ್ಪುಬಸಿಗಳ ಸದ್ದು, ಇಲ್ಲವೆ ಕಚೇರಿಯ ಕಡತಗಳ ನಡುವೆ ಕಳೆದು, ರಾತ್ರಿ ಲೋಕಲ್ ಗಾಡಿಯಿಂದಿಳಿದು ಕೋಣೆ ಸೇರುವ ಮನುಷ್ಯನಿಗೆ ಒಂದಿಷ್ಟು ಹಸಿರು, ಒಂದಿಷ್ಟು ನೀರು ಕಣ್ಣೆದುರಿಗಿರಬೇಕೆಂದು ಅನಿಸುವುದು ಸಹಜವೇ ಆಗಿದೆ. ಊರಿನ ಕೆರೆಹೊಳೆಗಳನ್ನು ಬಿಟ್ಟುಬಂದವರಿಗೆ ಈ ಹಂಬಲ ಇನ್ನೂ ಹೆಚ್ಚು. ಮುಂಬಯಿಯ ಮರೀನ್ ಡ್ರೈವಿನಲ್ಲಿ 1951ರಲ್ಲಿ ರಾಷ್ಟ್ರಪತಿ ಡಾ. ರಾಜೇಂದ್ರ ಪ್ರಸಾದರು ಉದ್ಘಾಟಿಸಿದ ತಾರಾಪೋರವಾಲಾ ಮತ್ಸ್ಯಾಲಯವನ್ನು ರಜೆಯ ದಿನ ನೋಡಿಬಂದು, ಅಂಥದೊಂದು ಪುಟ್ಟ ತೊಟ್ಟಿ ತಮಗೂ ಇರಲೆಂದು ಆಸೆಪಟ್ಟವರು ನಮ್ಮವರಲ್ಲಿ ಇಲ್ಲದಿಲ್ಲ.

ಇಂಥವರ ಮುಂದೆ ಎರಡು ದಾರಿಗಳಿವೆ. ಒಂದು, ಅಂಚಿನವರೆಗೆ ನೀರು ತುಂಬಿದ ಸಂಪ್ರದಾಯದ ಅಕ್ವೇರಿಯಂ. ಇನ್ನೊಂದು, ಅರ್ಧ ನೆಲ, ಅರ್ಧ ನೀರು ಇರುವ ತೊಟ್ಟಿ. ಜವುಗು ಎಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇದಕ್ಕೆ ಪಾಲುಡೇರಿಯಂ ಎಂದು ಹೆಸರಾಗಿದೆ. ನಾವು ನೆಲನೀರಿನ ತೊಟ್ಟಿ ಎನ್ನೋಣ. ಕಲ್ಲು, ಪಾಚಿ, ಜರೀಗಿಡ, ತೊಟ್ಟಿಕ್ಕುವ ಝರಿ ಎಲ್ಲವೂ ಕೂಡಿದಾಗ ಅದು ಮಳೆಗಾಲದ ಘಟ್ಟದ ಒಂದು ತುಣುಕಿನಂತೆ ತೋರುತ್ತದೆ. ಕಣ್ಣಿಗೆ ಇದೇ ಮೇಲು. ಆದರೆ ಕೊಳ್ಳುವ ಮೊದಲು ಕಣ್ಣಿನ ಮಾತನ್ನಷ್ಟೇ ಕೇಳುವುದು ತರವಲ್ಲ.

ಎರಡರ ಹುಟ್ಟೂ ಹೊಗೆ ಮುಸುಕಿದ ಲಂಡನ್ ಮಹಾನಗರದೊಡನೆ ಸೇರಿಕೊಂಡಿದೆ. ಕಲ್ಲಿದ್ದಲ ಹೊಗೆಗೆ ತನ್ನ ಜರೀಗಿಡಗಳು ಸಾಯುವುದನ್ನು ಕಂಡು ನೊಂದಿದ್ದ ನಥಾನಿಯಲ್ ವಾರ್ಡ್ ಎಂಬ ವೈದ್ಯನು, 1829ರ ಸುಮಾರಿಗೆ, ಮುಚ್ಚಿದ ಬಾಟಲಿಯ ತೇವದ ಮಣ್ಣಿನಲ್ಲಿ ಜರೀಗಿಡವು ತಾನಾಗಿ ಮೊಳೆತುದನ್ನು ಗಮನಿಸಿದನು. ಗಾಜಿನೊಳಗೆ ನೆಲವನ್ನು ಸಾಕುವ ವಿದ್ಯೆ ಅಲ್ಲಿಂದ ಬೆಳೆಯಿತು. 1853ರಲ್ಲಿ ಅದೇ ನಗರದ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು.

ಈಗ ಲೆಕ್ಕದ ಮಾತು. 60 ಸೆಂಟಿಮೀಟರ್ ಉದ್ದ, 30 ಅಗಲ, 30 ಎತ್ತರದ ತೊಟ್ಟಿಯನ್ನು ತುಂಬಿದರೆ 54 ಲೀಟರ್ ನೀರು ಹಿಡಿಯುತ್ತದೆ. ಅದೇ ಗಾಜಿನೊಳಗೆ ಅರ್ಧ ತಳಕ್ಕೆ ನೆಲ ಮಾಡಿ, ಉಳಿದರ್ಧದಲ್ಲಿ 10 ಸೆಂಟಿಮೀಟರ್ ನೀರು ನಿಲ್ಲಿಸಿದರೆ ಉಳಿಯುವುದು 9 ಲೀಟರ್, ಅಂದರೆ ಆರರಲ್ಲಿ ಒಂದು ಪಾಲು. ಮೀನು ವಿಸರ್ಜಿಸುವ ಅಮೋನಿಯಾ ಅದಕ್ಕೇ ವಿಷವಾಗಿದೆ. ಕಣ್ಣಿಗೆ ಕಾಣದ ಜೀವಾಣುಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಬಳಿಕ ಅಷ್ಟೊಂದು ಅಪಾಯವಲ್ಲದ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಹೊಸ ತೊಟ್ಟಿಯಲ್ಲಿ ಇವು ನೆಲೆಗೊಳ್ಳಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀರು ಕಡಿಮೆಯಾದಷ್ಟೂ ವಿಷ ಬೇಗ ಏರುತ್ತದೆ, ಬಿಸಿಯೂ ಬೇಗ ಏರುತ್ತದೆ. ಹಂಡೆ ಸಾರಿನಲ್ಲಿ ಒಂದು ಹಿಡಿ ಉಪ್ಪು ಹೆಚ್ಚಾದರೆ ಹೇಗೋ ಸುಧಾರಿಸಬಹುದು, ಬಟ್ಟಲು ಸಾರಿನಲ್ಲಿ ಆದರೆ ಚೆಲ್ಲುವುದೇ ಗತಿ. ಅಡುಗೆಮನೆಯಲ್ಲಿ ದುಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆಂದು ನೆಲನೀರಿನ ತೊಟ್ಟಿ ಬರಿಯ ಸೋಗೆನ್ನಲಾಗದು. ನೆಲವಿಲ್ಲದೆ ಬಾಳಲಾರದ ಜೀವಿಗಳೂ ಉಂಟು. ಠಾಣೆ ಖಾಡಿಯ ಕೆಸರಿನಲ್ಲಿ, ನೀರು ಇಳಿದಾಗ, ಮುಂದಿನ ಈಜುರೆಕ್ಕೆಗಳನ್ನು ಊರಿ ತೆವಳುವ ಮೀನುಗಳನ್ನು ಕಾಣಬಹುದು. ಒದ್ದೆ ಚರ್ಮದ ಮೂಲಕ ಗಾಳಿಯಿಂದಲೂ ಉಸಿರಾಡುವ ಈ ಕೆಸರುಮೀನನ್ನು ಮೇಲೇರಲು ಎಡೆಯಿಲ್ಲದ ತುಂಬು ತೊಟ್ಟಿಯಲ್ಲಿಟ್ಟರೆ, ಮೀನೇ ನೀರಿನಲ್ಲಿ ಉಸಿರುಕಟ್ಟುವ ವಿಚಿತ್ರ ಸಂಭವಿಸೀತು. ಆದರೆ ಅದಕ್ಕೆ ಉಪ್ಪು ಬೆರೆತ ನೀರು, ಸದಾ ತೇವದ ಗಾಳಿ, ಬಿಗಿಯಾದ ಮುಚ್ಚಳ ಎಲ್ಲವೂ ಬೇಕು. ಇಷ್ಟು ಒದಗಿಸಲಾರದವರು ಅದನ್ನು ಖಾಡಿಯ ದಂಡೆಯಲ್ಲಿಯೇ ನೋಡಿ ಬರುವುದು ಲೇಸು.

ಇದಕ್ಕಿಂತ ಹೆಚ್ಚಾಗಿ ಜನರು ಮೋಸಹೋಗುವುದು ಆಮೆಯ ವಿಷಯದಲ್ಲಿ. ಅಂಗಡಿಗಳಲ್ಲಿ ದೊರೆಯುವ, ಕಿವಿಯ ಬಳಿ ಕೆಂಪು ಪಟ್ಟೆಯುಳ್ಳ ಅಮೆರಿಕದ ಆಮೆಮರಿ ಅಂಗೈಯ ನಡುವೆ ಹಿಡಿಸುವಷ್ಟಿರುತ್ತದೆ. ಬೆಳೆದಾಗ ಚಿಪ್ಪೇ 25 ಸೆಂಟಿಮೀಟರ್ ದಾಟಬಹುದು. ಆಯುಷ್ಯ 20 ವರ್ಷಕ್ಕೂ ಮೇಲು. ಅದಕ್ಕೆ ಈಜಲು ಆಳವಾದ ನೀರೂ ಬೇಕು, ಮೈ ಕಾಯಿಸಲು ಒಣನೆಲವೂ ಬೇಕು. ಸಾಕಲಾರದೆ ಕೆರೆಗೆ ಬಿಟ್ಟರೆ ಅಲ್ಲಿಯ ಆಮೆಗಳ ಆಹಾರಕ್ಕೂ ಜಾಗಕ್ಕೂ ಅದು ಸಂಚಕಾರ. ಇನ್ನು ನಕ್ಷತ್ರ ಆಮೆಯೇ ಮೊದಲಾದ ನಮ್ಮ ನಾಡಿನ ಆಮೆಗಳನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಪರಾಧವೇ ಆಗಿದೆ.

ಆದುದರಿಂದ ಮೊದಲು ಜೀವಿಯನ್ನು ಆರಿಸಬೇಕು, ಬಳಿಕ ತೊಟ್ಟಿಯನ್ನು. ತೊಟ್ಟಿ ಕೊಂಡು ಜೀವಿಯನ್ನು ಹುಡುಕುವುದೆಂದರೆ ಅಂಗಿ ಹೊಲಿಸಿ ಅದಕ್ಕೊಪ್ಪುವ ಮೈಯನ್ನು ಹುಡುಕಿದಂತೆ. ಒಂದೇ ಕೋಣೆಯಲ್ಲಿ ನಾಲ್ವರು ಇರುವ, ಪಾಳಿಯ ಮೇಲೆ ದುಡಿಯುವ ನಮ್ಮಂಥವರಿಗೆ ಹಳೆಯ ಅಕ್ವೇರಿಯಂ ಒಳ್ಳೆಯದೆಂಬುದು ನಮ್ಮ ಅಭಿಪ್ರಾಯ. ಮೇಲೆ ಹೇಳಿದ ತೊಟ್ಟಿಗೆ ಆರೆಂಟು ಗಂಡು ಗಪ್ಪಿಗಳು ಸಾಕು. ನಳದ ನೀರಿನ ಕ್ಲೋರಿನ್ ಹೋಗಲು ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು, ವಾರಕ್ಕೊಮ್ಮೆ ಕಾಲುಭಾಗ ನೀರನ್ನು ಬದಲಿಸಬೇಕು. ಗಾಜು, ಕಲ್ಲು, ನೀರು ಸೇರಿ ತೂಕ ಒಬ್ಬ ತುಂಬು ಆಳಿನಷ್ಟಾಗುವುದರಿಂದ, ಅಲುಗದ ಮೇಜಿನ ಮೇಲಿಡುವುದು ಅವಶ್ಯ.

ಊರಿಗೆ ಹೋಗುವ ದಿನಗಳನ್ನೂ ಮರೆಯಲಾಗದು. ಆರೋಗ್ಯವಾದ ದೊಡ್ಡ ಮೀನು ನಾಲ್ಕೈದು ದಿನ ಆಹಾರವಿಲ್ಲದೆ ಇರಬಲ್ಲದು, ತಿಂಗಳು ಇರಲಾರದು. ನೆಲನೀರಿನ ತೊಟ್ಟಿಯಲ್ಲಾದರೋ ನೀರು ಸಿಂಪಡಿಸುವವರಿಲ್ಲದೆ ಪಾಚಿ ಒಣಗಿ, ಗಾಳಿಯ ತೇವ ಹೋಗಿಬಿಡುತ್ತದೆ. ನೆರೆಯವನಿಗೆ ಒಪ್ಪಿಸುವಾಗ ಡಬ್ಬಿಯನ್ನೇ ಕೊಡದೆ, ಒಂದೊಂದು ದಿನದ ಆಹಾರವನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡಬೇಕು. ತೊಟ್ಟಿಯಲ್ಲಿ ಹಸಿವಿಗಿಂತ ಅತಿಯಾದ ಉಪಚಾರವೇ ಬೇಗ ಕೊಲ್ಲುತ್ತದೆ.

ಹಸಿರಿನ ಆಸೆ ಇನ್ನೂ ತೀರದವರಿಗೆ ಒಂದು ಸುಲಭೋಪಾಯವಿದೆ. ಮನಿ ಪ್ಲಾಂಟಿನ ಒಂದು ಬಳ್ಳಿಯನ್ನು, ಎಲೆಗಳು ಮೇಲಿರುವಂತೆ, ಬೇರು ನೀರಿನೊಳಗೆ ಇಳಿಯುವಂತೆ ತೊಟ್ಟಿಯ ಅಂಚಿಗೆ ಸಿಕ್ಕಿಸಿರಿ. ಬೇರು ನೈಟ್ರೇಟನ್ನು ಹೀರಿ ನೀರಿಗೆ ನೆರವಾಗುತ್ತದೆ; ಎಲೆಯು ಕಿಟಕಿಯ ಕಡೆಗೆ ಬೆಳೆಯುತ್ತದೆ. ಮೀನಿನ ಪಾಲಿನ ನೀರನ್ನು ಕಿತ್ತುಕೊಳ್ಳದೆಯೇ ಕೋಣೆಗೆ ಹಸಿರು ಬಂದಂತಾಯಿತು. ಮಹಾನಗರದಲ್ಲಿ ಇಕ್ಕಟ್ಟಿನ ಬಾಳೆಂದರೇನೆಂದು ಬಲ್ಲ ನಾವು, ನಮ್ಮನ್ನೇ ನಂಬಿದ ಮೂಕಜೀವಿಗೆ ಇನ್ನೂ ಇಕ್ಕಟ್ಟಾದ ಮನೆಯನ್ನು ಕಟ್ಟಿಕೊಡಬಾರದು.